ಅಳಿಯ ಹಚ್ಚಿದ ಒಲೆ

ನಾನು ಮಾಡಿದ್ದು ಇಷ್ಟೇ: ನೀರು ಕುಡಿದು ಮುಗಿಸಿ, ಲೋಟ ತೊಳೆದಿಡೋಣವೆಂದು ಬಚ್ಚಲ ಕಡೆ ಹೊರಟೆ. ಮನೆಯಲ್ಲಿ ಹುಯಿಲೆದ್ದಿತು. ಎದುರಿಗಿದ್ದ ಅತ್ತೆ ತಲೆಯ ಮೇಲಿನ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡು ಬಾಗಿಲ ಹಿಂದೆ ಸರಿದರು. ಹೊರಗೆ ಕಟ್ಟೆಯ ಮೇಲಿದ್ದ ಮಾವ ಸೇದುತ್ತಿದ್ದ ಬೀಡಿ ಬಿಸಾಕಿ ಓಡಿ ಬಂದು ನನ್ನ ಕೈಯಿಂದ ಲೋಟ ಕಸಿದುಕೊಂಡರು.

"ಏನ್ರಿ ಅಳ್ಯಾರ, ನಮ್ಮ ಮಾನಾ ಕಳೀಬೇಕಂತ ಮಾಡೀರೇನು? ಯಾರರೆ ನೋಡಿದ್ರ ಏನ್ ಅಂದಾರು?"

ಯಾರೂ ನೋಡುವ ಹಾಗಿರಲಿಲ್ಲ. ಮುಧೋಳದಿಂದ ಜಮಖಂಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ, ಸುತ್ತಲೂ ಕಬ್ಬು ಎದ್ದು ನಿಂತ ತೋಟದ ಮನೆ ಅದು. ಕಬ್ಬಿನಾಚೆ ಏನಿದೆಯೆಂದು ನನಗೆ ಕಾಣುತ್ತಿರಲಿಲ್ಲ, ಆಚೆಯವರಿಗೆ ನಾನೂ ಕಾಣುತ್ತಿರಲಿಲ್ಲ. ಆದರೂ ಒಂದು ಲೋಟಕ್ಕೆ ಮಾನ ಹೋಗುತ್ತದಂತೆ. ಕುಂದಾಪುರ ಬಿಟ್ಟು ಇಲ್ಲಿ ನೆಲೆಸಲು ಬಂದ ನನ್ನ ಮೊದಲ ಬೆಳಗು ಹೀಗೆ ಕಳೆಯಿತು.

ಊರಿನವರು ಫೋನಿನಲ್ಲಿ ಕೇಳುತ್ತಾರೆ, ಬಿಸಿಲು ಹೇಗೆ, ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತದಾ, ಮೀನಿಲ್ಲದೆ ಹೇಗಿದ್ದೀಯ ಎಂದು. ಅದಕ್ಕೆಲ್ಲ ಉತ್ತರ ಸುಲಭ. ಬಿಸಿಲು ಸುಡುತ್ತದೆ, ಆದರೆ ನಮ್ಮಲ್ಲಿಯ ಹಾಗೆ ಅಂಗಿ ಬೆನ್ನಿಗೆ ಅಂಟುವುದಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಜೊತೆಯಾದರೆ ಗಂಜಿಯ ನೆನಪು ಬರುವುದಿಲ್ಲ. ಮೀನಿನ ನೆನಪು ಬರುತ್ತದೆ, ದಿನಾ ಬರುತ್ತದೆ, ಅದನ್ನು ಮುಚ್ಚಿಡಲಾರೆ. ಕಷ್ಟವೆಂದರೆ ಇವು ಯಾವುವೂ ಅಲ್ಲ, ಮರ್ಯಾದೆ. ಇಲ್ಲಿ ನನಗೆ ಸಿಕ್ಕಷ್ಟು ಮರ್ಯಾದೆ ಜನ್ಮದಲ್ಲಿ ಎಲ್ಲೂ ಸಿಕ್ಕಿರಲಿಲ್ಲ, ಅದರಿಂದಲೇ ನಾನು ಸೋತು ಸುಣ್ಣವಾದೆ.

ವಿವರಿಸುತ್ತೇನೆ. ನನ್ನ ಹೆಂಡತಿ ರೇಖಾ ಈ ಮನೆಯ ಒಬ್ಬಳೇ ಮಗಳು. ಬೀರೇಶ್ವರನ ಒಕ್ಕಲು, ಹಿಂದೆ ಕುರಿ ಕಾಯ್ದವರು, ಈಗ ಕಬ್ಬು ಬೆಳೆಯುವವರು. ಅವಳು ನಮ್ಮ ಕರಾವಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಗ ನಾನು ಅಲ್ಲಿಯ ಬೇಕರಿಯೊಂದರಲ್ಲಿ ಮೇಸ್ತ್ರಿ. ಪರೀಕ್ಷೆ ಮುಗಿದ ದಿನ ಬಂದು ಬ್ರೌನಿ ಎಂಬ ಚಾಕಲೇಟು ಕೇಕು ತಿನ್ನುತ್ತಿದ್ದಳು. ಪರೀಕ್ಷೆ ಕೆಟ್ಟರೆ ಇನ್ನೊಂದು ತಿನ್ನುತ್ತಿದ್ದಳು. ಮದುವೆಯಾದೆವು. ಆಮೇಲೆ ಮುಧೋಳದಲ್ಲಿ ಅವಳಿಗೆ ನೌಕರಿ ಸಿಕ್ಕಿತು. "ನೀವೂ ಬರ್ರಿ, ಅಲ್ಲೇನು ಬೇಕರಿ ಇಲ್ಲೇನು?" ಎಂದಳು. ಬಂದೆ. ನಮ್ಮ ಕಡೆ ತಾಯಿಯ ಕಡೆಯಿಂದಲೇ ಮನೆತನ ಎಣಿಸುವವರು ನಾವು; ಗಂಡಸೊಬ್ಬ ಹೆಂಡತಿಯ ಮನೆಯಲ್ಲಿ ಉಳಿದರೆ ಯಾರೂ ಕತ್ತು ತಿರುಗಿಸಿ ನೋಡುವುದಿಲ್ಲ. ಇಲ್ಲಿ ಅಂಥವನಿಗೆ 'ಮನಿ ಅಳ್ಯಾ' ಎನ್ನುತ್ತಾರೆ, ಅನ್ನುವಾಗ ತುಟಿಯ ಮೂಲೆಯಲ್ಲಿ ಒಂದು ನಗೆ ಇರುತ್ತದೆ.

ಆ ನಗೆ ಹೊರಗಿನವರದು. ಮನೆಯೊಳಗಿನವರು ಅದನ್ನು ಮುಚ್ಚಲು ಮರ್ಯಾದೆಯನ್ನು ಎರಡು ಪಟ್ಟು ಮಾಡಿದರು. ಊಟದ ಹೊತ್ತಿಗೆ ಮೊದಲು ನನಗೊಬ್ಬನಿಗೇ ಕಂಬಳಿ ಹಾಸಿ ಬಡಿಸುತ್ತಿದ್ದರು. ಉಳಿದವರು ಆಮೇಲೆ ಅಡುಗೆಮನೆಯಲ್ಲಿ ಸುತ್ತ ಕೂತು, ಹರಟುತ್ತ, ನಗುತ್ತ ಉಣ್ಣುತ್ತಿದ್ದರು. ಆ ನಗು ನನಗೆ ಗೋಡೆಯ ಈಚೆ ಕೇಳಿಸುತ್ತಿತ್ತು. ಅತ್ತೆ ಯಲ್ಲವ್ವ ನನ್ನೊಂದಿಗೆ ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ಅಳಿಯನೊಂದಿಗೆ ಅತ್ತೆ ಹಾಗೆಲ್ಲ ಮಾತಾಡಬಾರದು. ನಾನು ಎದುರಿಗೇ ಇದ್ದರೂ ಮಗಳ ಕಡೆ ತಿರುಗಿ, "ಅಳ್ಯಾರ್ಗೆ ಇನ್ನೊಂದು ರೊಟ್ಟಿ ಬೇಕೇನ ಕೇಳು" ಎನ್ನುತ್ತಿದ್ದರು. ಮಗಳಿಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದರು. ನೆಂಟರನ್ನು ಇಲ್ಲಿ 'ಪಾವ್ಣೇರು' ಎನ್ನುತ್ತಾರೆ. ಮೊದಲ ವಾರ ಪಾವ್ಣೇರಾಗಿರುವುದು ಸುಖವಾಗಿತ್ತು. ವರ್ಷ ಕಳೆದರೂ ಪಾವ್ಣೇರಾಗಿಯೇ ಉಳಿದಾಗ ನನಗೆ ಸಿಟ್ಟು ಬರತೊಡಗಿತು. ಮಲಗುವುದು ಇದೇ ಮನೆಯಲ್ಲಿ, ಮಗಳು ಹುಟ್ಟಿದ್ದು ಇದೇ ಮನೆಯಲ್ಲಿ, ಆದರೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಮುಧೋಳದ ಪೇಟೆಯಲ್ಲಿ ಒಂದು ಬೇಕರಿಯಲ್ಲಿ ಕೆಲಸ ಹಿಡಿದೆ. ಅಲ್ಲಿ ನಾನು ಮನುಷ್ಯ. ಹಿಟ್ಟು ನಾದುತ್ತೇನೆ, ಭಟ್ಟಿಯ ಮುಂದೆ ಬೆವರುತ್ತೇನೆ, ಪಾವು ಸುಟ್ಟರೆ ಬೈಸಿಕೊಳ್ಳುತ್ತೇನೆ. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ. ಅದಕ್ಕೆ ಮನೆಯವರ ಅಡ್ಡಿಯೂ ಇರಲಿಲ್ಲ. ಪೇಟೆಯಲ್ಲಿ ಮಾಡಿದರೆ ಅದು ಉದ್ಯೋಗ. ಮನೆಯ ಒಲೆಯ ಹತ್ತಿರ ಹೋದರೆ ಮಾತ್ರ ಮರ್ಯಾದೆ ಹೋಗುತ್ತದೆ.

ಹೀಗಿರುವಾಗ ಮಗಳು ಸಿರಿಯ ಜಾವಳ ಬಂತು. ಜಾವಳವೆಂದರೆ ಮಗುವಿನ ಹುಟ್ಟುಗೂದಲು ತೆಗೆಸುವುದು. ಬೀರೇಶ್ವರನ ಗುಡಿಯ ಮುಂದೆ ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುತ್ತಾರೆ. ರೇಖಾಳಿಗೆ ಒಡಹುಟ್ಟಿದವರಿಲ್ಲದ್ದರಿಂದ ಚಿಕ್ಕಪ್ಪನ ಮಗ ತೊಡೆ ಕೊಡುವುದೆಂದು ಮಾತಾಯಿತು. ಬೀಳಗಿ, ಬಾಡಗಂಡಿ, ಬನಹಟ್ಟಿ, ಚಿಕ್ಕಪಡಸಲಗಿಯ ಕಡೆಯ ಬಳಗವೆಲ್ಲ ಬರುವುದಿತ್ತು. ಗೋದಿ ಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಎಲ್ಲರೂ ಕೂತು ಅಡುಗೆ ಗೊತ್ತು ಮಾಡುತ್ತಿದ್ದಾಗ ರೇಖಾ ನಡುವೆ ಬಾಯಿ ಹಾಕಿದಳು.

"ಬ್ರೌನಿ ಆಗಬೇಕು. ನಮ್ಮ ಸಿರಿ ಜಾವಳಕ್ಕ ಇವರ ಕೈಯಾಂದ ಬ್ರೌನಿ ಆಗಬೇಕು."

"ಬೇಕರ್ಯಾಗ ಮಾಡಿ ತರತಾರಲ್ಲ, ತರಲಿ ಬಿಡು" ಎಂದರು ಮಾವ.

"ಇಲ್ಲ, ಇಲ್ಲೇ ಮಾಡ್ತೇನೆ" ಎಂದೆ ನಾನು. "ಮನೆಯ ಒಲೆಯ ಮೇಲೆ."

ಬಾಗಿಲ ಹಿಂದಿನಿಂದ ಬಳೆ ಸದ್ದಾಯಿತು. ಅತ್ತೆ ಮಗಳಿಗೆ ಹೇಳಿದರು: "ಅವರಿಗೆ ಹೇಳು, ಅಳ್ಯಾನ ಕೈಲೆ ಅಡಗಿ ಮಾಡಿಸಿ ಬಳಗಕ್ಕ ಉಣಿಸಿದ್ರ ನಾ ನಾಳೆ ಯಾರ ಮುಂದ ಮಾರಿ ತೋರಿಸಲಿ? ಯಲ್ಲವ್ವನ ಕೈಯಾಗ ಕಸುವಿಲ್ಲಂತ ಬೀಳಗಿ ತನಕ ಸುದ್ದಿ ಹೋಗತೈತಿ."

ಮಾವ ಒಳ್ಳೆಯ ಮನುಷ್ಯ, ಜಗಳ ಕಂಡರೆ ಆಗದು. ಸಂಜೆ ಕಬ್ಬಿನ ಬದುವಿನ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ಸಮಾಧಾನ ಮಾಡಿದರು. "ನೋಡ್ರಿ ಅಳ್ಯಾರ, ಪ್ಯಾಟ್ಯಾಗ ಮಾಡ್ರಿ, ಡಬ್ಬಿ ಕಟ್ಟಿಸಿಕೊಂಡು ಬರ್ರಿ. ಯಾರರೆ ಕೇಳಿದ್ರ ಕೊಂಡು ತಂದದ್ದು ಅನ್ನೂಣು. ರುಚಿ ಅದಽ, ಹೆಸರು ಬ್ಯಾರೆ. ಏನ್ ತ್ರಾಸ ನಿಮಗ?"

ತ್ರಾಸವಿತ್ತು. ಕೊಂಡು ತರುವುದು ಪಾವ್ಣೇರು ಮಾಡುವ ಕೆಲಸ. ಮನೆಗೆ ಬರುವಾಗ ಕೈಯಲ್ಲಿ ಒಂದು ಪೊಟ್ಟಣ ಹಿಡಿದು ಬರುವವನು ಸಂಜೆ ಬಸ್ಸು ಹಿಡಿದು ಹೋಗುತ್ತಾನೆ. ಮಗಳ ಜಾವಳಕ್ಕೆ ತಂದೆಯೇ ಪೊಟ್ಟಣ ತಂದರೆ ಅವನು ಯಾರ ಮನೆಯವನು? ಇದನ್ನೆಲ್ಲ ಮಾವನಿಗೆ ಅಷ್ಟು ಚೆನ್ನಾಗಿ ಹೇಳಲು ನನಗೆ ಆಗಲಿಲ್ಲ. "ಇಲ್ಲೇ ಮಾಡುತ್ತೇನೆ, ಇಲ್ಲದಿದ್ದರೆ ಊಟಕ್ಕೆ ನಾನು ಕೂರುವುದಿಲ್ಲ" ಎಂದಷ್ಟೇ ಹೇಳಿದೆ. ಅಳಿಯ ಉಣ್ಣದೆ ಎದ್ದರೆ ಅದು ಒಲೆ ಮುಟ್ಟಿದ್ದಕ್ಕಿಂತ ದೊಡ್ಡ ಅವಮಾನ. ಅವರ ಮರ್ಯಾದೆಯನ್ನೇ ಹಿಡಿದು ಅವರನ್ನು ಹೆದರಿಸಿದೆ. ಹಟ ಎನ್ನಿ, ಸೊಕ್ಕು ಎನ್ನಿ, ನನಗೆ ಬೇಸರವಿಲ್ಲ.

ಜಾವಳದ ಹಿಂದಿನ ದಿನ ಜಮಖಂಡಿಗೆ ಹೋಗಿ ಕೋಕೋ ಪುಡಿ, ಅಡುಗೆ ಚಾಕಲೇಟಿನ ಗಟ್ಟಿ, ಮೈದಾ ತಂದೆ. ಕಾರ್ಖಾನೆಗೆ ಕಬ್ಬು ಕಳಿಸುವವರ ಮನೆಯಲ್ಲಿ ಸಕ್ಕರೆಗೆ ಬರವಿಲ್ಲ, ಎಮ್ಮೆ ಕಟ್ಟಿದವರ ಮನೆಯಲ್ಲಿ ಬೆಣ್ಣೆಗೂ ಇಲ್ಲ. ದೇವರ ಕಾರ್ಯವಾದ್ದರಿಂದ ಮೊಟ್ಟೆ ಕೂಡದು. ಅದಕ್ಕೆ ಬದಲು ಎಮ್ಮೆಯ ಗಟ್ಟಿ ಮೊಸರು. ಓವನ್ ಇರಲಿಲ್ಲ. ಅಷ್ಟು ಜನಕ್ಕೆ ಸಾಲುವ ಓವನ್ ಯಾರ ಮನೆಯಲ್ಲಿರುತ್ತದೆ? ಹುಗ್ಗಿಗೆಂದು ಬೇವಿನ ಮರದ ಕೆಳಗೆ ನೆಲ ತೋಡಿ ಉದ್ದ ಒಲೆ ಮಾಡಿದ್ದರು. ಅಗಲವಾದ ಪಾತ್ರೆಗಳ ತಳಕ್ಕೆ ಮರಳು ಹಾಕಿ, ಮೇಲೆ ರೊಟ್ಟಿಹಿಟ್ಟು ನಾದುವ ಪರಾತಗಳಲ್ಲಿ ಬ್ರೌನಿಯ ಹಿಟ್ಟು ಸುರಿದು, ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ಕೆಂಡ ಹಾಕುವುದು ನನ್ನ ಲೆಕ್ಕ. ಬೆಣ್ಣೆ, ಚಾಕಲೇಟು ಬಿಸಿನೀರಿನ ಮೇಲೆ ಕರಗಿ ಪರಿಮಳ ಎದ್ದಾಗ ಎಮ್ಮೆಗಳೂ ಕಿವಿ ನಿಮಿರಿಸಿದವು. ಅತ್ತೆ ಸಿರಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ದೂರ ಗೋಡೆಗೆ ಒರಗಿ ನಿಂತಿದ್ದರು. ನೋಡುವುದಿಲ್ಲವೆಂದು ಹೇಳಿ ನೋಡುತ್ತಿದ್ದರು.

ತಪ್ಪಾದದ್ದು ಬೆಂಕಿಯಲ್ಲಿ. ನಮ್ಮೂರಿನಲ್ಲಿ ತೆಂಗಿನ ಗೆರಟೆ ಹಾಕಿದರೆ ಬೆಂಕಿ ಹೇಳಿದ ಮಾತು ಕೇಳುತ್ತದೆ. ಇಲ್ಲಿ ಗೆರಟೆ ಎಲ್ಲಿಂದ ಬರಬೇಕು? ಅಂಗಳದ ತುಂಬ ರವದಿ ಬಿದ್ದಿತ್ತು. ಕಬ್ಬಿನ ಒಣಗಿದ ಗರಿಗೆ ಇಲ್ಲಿ ಹಾಗೆನ್ನುತ್ತಾರೆ. ಎರಡೂ ಕೈಯಲ್ಲಿ ಬಾಚಿ ಒಲೆಗೆ ತುಂಬಿದೆ. ಭಗ್ಗೆಂದು ಉರಿ ಎದ್ದು ಪಾತ್ರೆಯನ್ನೇ ನುಂಗಿತು, ನೋಡುತ್ತಿದ್ದ ಹಾಗೆ ಆರಿ ಬೂದಿಯಾಯಿತು. ಮತ್ತೆ ತುಂಬಿದೆ, ಮತ್ತೆ ಉರಿ, ಮತ್ತೆ ಬೂದಿ. ಮೊದಲ ಪರಾತ ತೆಗೆದರೆ ತಳ ಇದ್ದಿಲು, ನಡುವೆ ಹಸಿ ಹಿಟ್ಟು.

ಗೋಡೆಯ ಕಡೆಯಿಂದ ಅತ್ತೆ ಸಿರಿಗೆ ಹೇಳಿದರು. ಸಿರಿಗೆ ಆಗ ಮಾತೇ ಬರುತ್ತಿರಲಿಲ್ಲ. "ತಂಗೀ, ನಿಮ್ಮಪ್ಪಗ ಹೇಳು, ರವದಿ ಬೆಂಕಿ ಚಹಾ ಕಾಸೂದಕ್ಕೂ ಬರೂದಿಲ್ಲಂತ. ಹಿಂದ ಜಾಲಿ ಕಟಿಗಿ ಐತಂತ ಹೇಳು."

ಸಿರಿ ನನ್ನ ಕಡೆ ನೋಡಿ ಜೊಲ್ಲು ಸುರಿಸಿದಳು. ನಾನೂ ಸಿರಿಗೇ ಹೇಳಿದೆ: "ನಿನ್ನ ಅಜ್ಜಿಗೆ ಹೇಳು, ಗೊತ್ತಿದ್ದರೆ ಮೊದಲೇ ಹೇಳಬೇಕಿತ್ತು ಅಂತ."

"ಹೇಳು ತಂಗಿ, ಕೇಳಿದ್ರ ಹೇಳತಿದ್ದೆ ಅಂತ."

ಹಿತ್ತಲಿನಿಂದ ಜಾಲಿ ಕಟ್ಟಿಗೆ ತಂದು, ಬೆಂಕಿ ಇಳಿದು ಕೆಂಡವಾಗುವವರೆಗೆ ಕಾದೆ. ಎರಡನೆಯ ಪರಾತ ಇಟ್ಟು ಮುಚ್ಚಳದ ಮೇಲೆ ಕೆಂಡ ಹರವಿ, ಮೂರನೆಯದಕ್ಕೆ ಹಿಟ್ಟು ಕಲಸಲು ತಿರುಗಿದೆ. ಬೆನ್ನ ಹಿಂದಿನಿಂದ ಕೂಗು ಬಂತು.

"ಏ ತೆಗಿಯೋ! ಹತ್ತತೈತಿ, ತೆಗಿ! ಕಣ್ಣ ಕಾಣೂದಿಲ್ಲೇನ ನಿನಗ?"

ತಿರುಗಿ ನೋಡಿದರೆ ಅತ್ತೆ ಒಲೆಯ ಪಕ್ಕದಲ್ಲೇ ಇದ್ದರು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮುಚ್ಚಳದ ಕೆಂಡ ಕೆಡವುತ್ತಿದ್ದರು. ನಾನು ಪಾತ್ರೆ ಇಳಿಸಿದೆ. ಆಮೇಲೆ ಇಬ್ಬರಿಗೂ ಅರಿವಾಯಿತು. ನಾನು ಈ ಮನೆಗೆ ಬಂದಂದಿನಿಂದ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು, ಅದೂ ಏಕವಚನದಲ್ಲಿ, ಅದೂ ಬೈಗುಳ. ಅವರು ಸೆರಗಿಗೆ ಕೈ ಹಾಕಿದರು.  ಮೇಲೆ ಎಳೆದುಕೊಳ್ಳುವ ಬದಲು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹಿಡಿ ಇಕೀನ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟರು. "ಕೆಂಡ ನಾ ನೋಡಕೋತೇನಿ. ನೀ ಹಿಟ್ಟ ಕಲಸು."

ಆ ಮಧ್ಯಾಹ್ನ ಪೂರ್ತಿ ನಾವಿಬ್ಬರೂ ಜಗಳವಾಡಿದೆವು. ಅವರಿಗೆ ಸಕ್ಕರೆ ಹೆಚ್ಚು, ನನಗೆ ಕಡಿಮೆ. ಅವರು ಏಲಕ್ಕಿ ಹಾಕಬೇಕೆಂದರು, ನಾನು ಕೂಡದೆಂದೆ. ನಡುವೆ ಮೆತ್ತಗೆ ಇರುವುದನ್ನು ಕಂಡು "ಹಸಿ ಐತಿ, ಮಂದಿ ಹೊಟ್ಟಿ ಕೆಡತೈತಿ" ಎಂದರು, ಅದು ಹಾಗೇ ಇರಬೇಕೆಂದು ನಾನು ವಾದಿಸಿದೆ. ಆಸ್ಪತ್ರೆಯಿಂದ ಬಂದ ರೇಖಾ ಬಾಗಿಲಲ್ಲೇ ನಿಂತುಬಿಟ್ಟಳು. ಮಾವ ಬೀಡಿ ಹಚ್ಚುವುದನ್ನೂ ಮರೆತು ಕಟ್ಟೆಯ ಮೇಲೆ ಕೂತಿದ್ದರು.

ಮರುದಿನ ಗುಡಿಯ ಮುಂದೆ ಸಿರಿ ಊರು ಹಾರಿಹೋಗುವ ಹಾಗೆ ಅತ್ತು ಬೋಳುತಲೆ ಮಾಡಿಸಿಕೊಂಡಳು. ತೋಟದಲ್ಲಿ ಪಂಕ್ತಿ ಕೂತಿತು. ಹುಗ್ಗಿಯ ಹಿಂದೆ ನಾನೇ ತಟ್ಟೆ ಹಿಡಿದು ಬ್ರೌನಿ ಬಡಿಸುತ್ತ ಬಂದೆ. ಅಳಿಯ ಬಡಿಸುತ್ತಿದ್ದಾನೆಂದೇ ಅರ್ಧ ಪಂಕ್ತಿ ಪಿಸುಗುಟ್ಟುತ್ತಿತ್ತು. ಬೀಳಗಿಯಿಂದ ಬಂದಿದ್ದ ಮಾವನ ಅಕ್ಕ ನೀಲವ್ವ ಎಲೆಯ ಮೇಲೆ ಬಿದ್ದದ್ದನ್ನು ಬೆರಳಿನಿಂದ ಒತ್ತಿ ನೋಡಿದರು. ಬಳಗದಲ್ಲಿ ಅವರ ಮಾತಿಗೆ ಎದುರಿಲ್ಲ.

"ಇದೇನ ಬೇ ಇದು, ಕುಳ್ಳಿನಂಗ ಕರ್ರಗ? ಯಾರ ಮಾಡಿದ್ದು?"

ಕುಳ್ಳೆಂದರೆ ಬೆರಣಿ. ಪಂಕ್ತಿ ನಕ್ಕಿತು. ಮಾವ ಗಂಟಲು ಸರಿಮಾಡಿಕೊಂಡರು. 'ಪ್ಯಾಟಿಂದ' ಎನ್ನುವ ಮಾತು ಅವರ ನಾಲಿಗೆಯ ತುದಿಯವರೆಗೂ ಬಂದಿತ್ತು.

"ನಾನು ಮಾಡಿದ್ದು" ಎಂದೆ.

ನಗು ನಿಂತಿತು. ನೀಲವ್ವ ನನ್ನನ್ನು ಬಿಟ್ಟು ಅತ್ತೆಯನ್ನೇ ಹಿಡಿದರು. "ಯವ್ವಾ, ಯಲ್ಲವ್ವಾ! ಅಳ್ಯಾನ ಕೈಲೆ ಒಲಿ ಹಚ್ಚಿಸೀಯಾ? ನಮ್ಮ ಮನಿತನದಾಗ ಇಂಥಾದ್ದು ಎಂದರೆ ಆಗಿತ್ತೇನ?"

ಅತ್ತೆಯ ಕೈಯಲ್ಲಿ ತುಪ್ಪದ ತಂಬಿಗೆ ಇತ್ತು.  ಅವರು ಒಂದು ಮಾತು ತಗ್ಗಿದರೆ ಸಾಕು, ನಾನು ಮತ್ತೆ ಕಂಬಳಿಯ ಮೇಲಿನ ಪಾವ್ಣೇರಾಗುತ್ತಿದ್ದೆ, ಈ ಸಲ ಸಾಯುವವರೆಗೆ.

"ಹೌದ್ರಿ ಅಕ್ಕಾ, ಒಲಿ ಅಂವಾ ಹಚ್ಚ್ಯಾನ, ಕೆಂಡ ನಾ ಹಾಕೇನಿ" ಎಂದರು ಯಲ್ಲವ್ವ. "ನಮ್ಮ ಮನಿ ಒಲಿ, ನಮ್ಮ ಮನಿ ಹುಡುಗ. ತಿನ್ನೂದಿದ್ರ ತಿನ್ನರಿ, ಇಲ್ಲಂದ್ರ ಮುಂದಿನ ಎಲಿಗೆ ಹಾಕತಾನ."

ಎಲ್ಲರ ಮನಸ್ಸೂ ಆ ಗಳಿಗೆಗೆ ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ನೀಲವ್ವ ಬ್ರೌನಿಯನ್ನು ತಿನ್ನದೆ ಮೊಮ್ಮಗನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡರು. ಚಿಕ್ಕಪಡಸಲಗಿಯ ಇಬ್ಬರು ಎಲೆಯ ಅಂಚಿಗೆ ಸರಿಸಿ ಎದ್ದರು. ತಿಂದವರಾದರೂ ಹೇಗೆ ತಿಂದರು? ಒಬ್ಬ ಹಿರಿಯರು ಬ್ರೌನಿಯನ್ನು ಪುಡಿಮಾಡಿ, ಅದರ ಮೇಲೆ ಹಾಲು ಸುರಿದು, ತುಪ್ಪ ಹಾಕಿಸಿಕೊಂಡು, ಹುಗ್ಗಿಯ ಹಾಗೆ ಕಲಸತೊಡಗಿದರು. ನನಗೆ ತಡೆಯಲಾಗಲಿಲ್ಲ. "ಅಜ್ಜ, ಅದಕ್ಕೆ ಹಾಲು ಹಾಕಬಾರದು, ಹಾಗೇ ತಿನ್ನಬೇಕು" ಎಂದೆ.

"ಸೀ ಪದಾರ್ಥ ಅಂದಮ್ಯಾಲೆ ಹಾಲ-ತುಪ್ಪ ಇಲ್ದ ಹೆಂಗ ಇಳೀತೈತೋ ತಮ್ಮಾ? ಇನ್ನೆರಡು ಹಾಕು, ಭಾಳ ಛಲೋ ಆಗೇತಿ."

ಪಂಕ್ತಿಯ ಉದ್ದಕ್ಕೂ ಹಾಲಿನ ಚರಿಗೆ ಓಡಾಡಿತು. ನಾನು ಕಲಿತ ಕಸುಬಿನ ಮಾನ ಅಲ್ಲಿ ಹೋಯಿತು. ಆಮೇಲೆ ಅಡುಗೆಮನೆಯಲ್ಲಿ ಎಲ್ಲರ ಜೊತೆ ಸುತ್ತ ಕೂತು ಉಣ್ಣುವಾಗ ನಾನೂ ಹಾಲು ಹಾಕಿಕೊಂಡು ನೋಡಿದೆ. ಚೆನ್ನಾಗಿತ್ತೆಂದು ಮಾತ್ರ ಇವತ್ತಿಗೂ ನಾನು ಒಪ್ಪಿಕೊಳ್ಳುವುದಿಲ್ಲ.

ಊಟವಾದ ಮೇಲೆ ಆಯೇರಿ. ಶುಭಕಾರ್ಯದಲ್ಲಿ ಬಂದವರಿಗೆ ಮನೆಯವರು ಬಟ್ಟೆ ಕೊಡುವ ಪದ್ಧತಿ ಇದು. ಅಳಿಯಂದಿರಿಗೆ ಅಂಗಿಯ ಅರಿವೆ, ಟಾವೆಲು, ತೆಂಗಿನಕಾಯಿ. ಹೆಣ್ಣುಮಕ್ಕಳಿಗೆ ಬನಹಟ್ಟಿಯ ಸೀರೆ. ಬಳಗದ ಅಳಿಯಂದಿರೆಲ್ಲ ಸಾಲಾಗಿ ಕಂಬಳಿಯ ಮೇಲೆ ಕೂತರು. ನಾನೂ ಹೋಗಿ ತುದಿಯಲ್ಲಿ ಕೂತೆ, ಅಲ್ಲಿ ಕೂತು ರೂಢಿಯಾಗಿತ್ತು. ಅತ್ತೆ ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ ಕೊಡುತ್ತ ಬಂದು ನನ್ನ ಮುಂದೆ ನಿಂತರು.

"ನೀ ಯಾಕ ಕುಂತೀ? ಏಳು. ಹೆಣ್ಣಮಕ್ಕಳಿಗೆ ಸೀರಿ ಕೊಡೂದೈತಿ, ತಾಟ ಹಿಡಿ."

ಎದ್ದು ತಾಟು ಹಿಡಿದೆ. ಮನೆಯ ಗಂಡುಮಕ್ಕಳು ಹಿಡಿಯುವ ತಾಟು ಅದು. ನೀಲವ್ವನ ಸೀರೆಯನ್ನು ನಾನೇ ಕೊಟ್ಟು ಕಾಲಿಗೆರಗಿದೆ. ಅವರು ಮುಖ ಬಿಗಿದುಕೊಂಡೇ ತಲೆಯ ಮೇಲೆ ಕೈಯಿಟ್ಟರು. ಕೊನೆಗೆ ತಾಟು ಖಾಲಿಯಾಯಿತು. ನನ್ನ ಪಾಲಿಗೆ ಅಂಗಿಯ ಅರಿವೆ ಇರಲಿಲ್ಲ, ಟಾವೆಲು ಇರಲಿಲ್ಲ, ಕಾಯಿಯೂ ಇರಲಿಲ್ಲ. ಅಷ್ಟು ಸಂತೋಷ ನನಗೆ ಈ ನೆಲದ ಮೇಲೆ ಅದೇ ಮೊದಲು.

ಸಂಜೆ ಅಮ್ಮ ಫೋನ್ ಮಾಡಿದಳು. ಸೊಂಟ ನೋವೆಂದು ಅಷ್ಟು ದೂರ ಬರಲು ಅವಳಿಗೆ ಆಗಿರಲಿಲ್ಲ. ಮಗುವಿನ ತಲೆ, ಊಟ ಎಲ್ಲ ವಿಚಾರಿಸಿ, "ನಿಂಗೆ ಎಂತ ಕೊಟ್ರ್?" ಎಂದು ಕೇಳಿದಳು.

"ಎಂತದೂ ಇಲ್ಲಮ್ಮ."

"ಎಂತದೂ ಇಲ್ಯಾ? ಅಳಿಯಂಗೆ ಒಂದ್ ಶಾಲ್ ಸಾ ಕೊಡ್ಲಿಲ್ಯಾ?" ಅವಳ ದನಿ ಏರಿತು.

ಅವಮಾನ ಅಲ್ಲವೆಂದು ತಿಳಿಸಿ ಹೇಳಿದೆ. ಕೊಡುವುದು ನೆಂಟರಿಗೆ, ಇವತ್ತು ನನ್ನನ್ನು ಮನೆಯವನೆಂದು ಎಬ್ಬಿಸಿದರು, ಕೊಡುವ ತಾಟು ನನ್ನ ಕೈಗೆ ಇಟ್ಟರು ಎಂದೆ. ಗೆದ್ದವನ ಉಮೇದಿನಲ್ಲಿ ಉದ್ದಕ್ಕೂ ಹೇಳಿದೆ.  

"ಹಂಗಾರೆ ಇನ್ ಮೇಲೆ ನೀ ಇಲ್ಲಿಗ್ ಬಂದಾಗ ನೆಂಟ್ರಿಗ್ ಕೊಟ್ಟಂಗೆ ನಾನ್ ನಿಂಗೆ ಕೊಡ್ಕಲ್ದಾ?" ಎಂದಳು ಅಮ್ಮ.

 ರಜೆ ಸಿಕ್ಕ ಕೂಡಲೇ ರೇಖಾಳನ್ನೂ ಸಿರಿಯನ್ನೂ ಕರೆದುಕೊಂಡು ಊರಿಗೆ ಹೋದೆ. ಅಮ್ಮ ಆಡಿದ ಹಾಗೇ ಮಾಡಿದ್ದಳು. ಮಣೆಯ ಮೇಲೆ ಹೊಸ ಪಂಚೆ ಮಡಿಸಿ ಇಟ್ಟಿತ್ತು, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ನಾನು ಅದನ್ನು ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ನಡೆದೆ, ಗೂಡಿನಿಂದ ಬೆಂಕಿಪೆಟ್ಟಿಗೆ ತೆಗೆದೆ, ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟೆ. ಹಿಂದೆಯೇ ಬಂದ ಅಮ್ಮ ಬಾಗಿಲಲ್ಲಿ ನಿಂತು, ಮೆಲ್ಲಗೆ ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡಳು.

"ಅಷ್ಟ್ ದೂರದಿಂದ ಬಂದವ ನೀನು. ಕೂಕೋ ಮಗಾ, ನಾನ್ ಮಾಡ್ತೆ."